ಪಾಲು ಮತ್ತು ರಕ್ಷಣೆ: ಮೈಸೂರಿನ ನಾಗರಿಕ ಹಕ್ಕುಗಳ ಒಂದು ಶತಮಾನ



ನಾಗರಿಕ ಹಕ್ಕುಗಳ ಕಾನೂನು ಎಂದ ಕೂಡಲೇ ನಮ್ಮ ಕಾನೂನು ಕಾಲೇಜುಗಳಲ್ಲಿ ಮೊದಲು ನೆನಪಾಗುವುದು ಅಮೆರಿಕ. ಕರಿಯ ಮಕ್ಕಳಿಗೂ ಬಿಳಿಯ ಮಕ್ಕಳಿಗೂ ಬೇರೆ ಬೇರೆ ಶಾಲೆ ಸಲ್ಲದು ಎಂದ 1954ರ ಬ್ರೌನ್ ತೀರ್ಪು, ಮಾರ್ಟಿನ್ ಲೂಥರ್ ಕಿಂಗ್ ನಡೆಸಿದ ಹೋರಾಟ, 1964ರ ನಾಗರಿಕ ಹಕ್ಕುಗಳ ಕಾಯ್ದೆ, ಮರುವರ್ಷದ ಮತದಾನದ ಹಕ್ಕಿನ ಕಾಯ್ದೆ. ಇವೆಲ್ಲ ಓದಬೇಕಾದವೇ, ಕಲಿಯಬೇಕಾದವೇ. ಆದರೆ ಬ್ರೌನ್ ತೀರ್ಪಿಗೆ 36 ವರ್ಷ ಮೊದಲೇ ಈ ಮೈಸೂರು ಸಂಸ್ಥಾನ ಸಮಾನತೆಯ ಪ್ರಶ್ನೆಯನ್ನು ಸರ್ಕಾರಿ ಕಡತದ ಮೇಲೆ ತಂದಿತ್ತು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಎರಡೂ ಕಡೆ ಕೇಳಿದ ಪ್ರಶ್ನೆ ಮಾತ್ರ ಒಂದೇ ಆಗಿರಲಿಲ್ಲ. ಅಮೆರಿಕದ ಕಾನೂನು ಕೇಳಿದ್ದು: ಯಾರಿಗೆ ಅನ್ಯಾಯವಾಯಿತು, ಮಾಡಿದವರು ಯಾರು, ಅದನ್ನು ಸರಿಪಡಿಸುವುದು ಹೇಗೆ? ಮೈಸೂರು ಕೇಳಿದ್ದು: ಆಡಳಿತದಲ್ಲಿ ಯಾರ ಪಾಲು ಎಷ್ಟು, ಇಲ್ಲದವರಿಗೆ ಅದು ಸಿಗುವುದು ಹೇಗೆ? ಮೊದಲನೆಯದು ರಕ್ಷಣೆಯ ಪ್ರಶ್ನೆ, ಎರಡನೆಯದು ಪಾಲಿನ ಪ್ರಶ್ನೆ. ಪಾಲಿನ ಪ್ರಶ್ನೆಯನ್ನು ನಮ್ಮವರು ಜಗತ್ತಿನ ಬಹುಪಾಲು ದೇಶಗಳಿಗಿಂತ ಮೊದಲೇ, ಧೈರ್ಯವಾಗಿ ಎತ್ತಿದರು. ರಕ್ಷಣೆಯ ಪ್ರಶ್ನೆಯನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ಸುಮ್ಮನಾದೆವು. ಈ ಕೊರತೆಯನ್ನು ತುಂಬದೆ ನಮ್ಮ ನಾಗರಿಕ ಹಕ್ಕುಗಳ ಕೆಲಸ ಪೂರ್ತಿಯಾಗದು ಎಂಬುದೇ ಇಂದಿನ ನನ್ನ ವಾದ.

1918ರ ಹೊತ್ತಿಗೆ ಸಂಸ್ಥಾನದ ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕರಷ್ಟೂ ಇಲ್ಲದ ಬ್ರಾಹ್ಮಣ ಸಮುದಾಯದ ಕೈಯಲ್ಲಿ ಮೇಲಿನ ಹುದ್ದೆಗಳ ಬಹುಪಾಲು ಇತ್ತು. ಹಿಂದಿನ ವರ್ಷ ಹುಟ್ಟಿದ, ಬ್ರಾಹ್ಮಣೇತರರ ಸಂಘಟನೆಯಾದ ಪ್ರಜಾಮಿತ್ರ ಮಂಡಳಿ ಇದನ್ನು ಅರಮನೆಯ ಮುಂದಿಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರು ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. 1919ರಲ್ಲಿ ವರದಿ ಬಂತು, 1921ರ ಮೇ ತಿಂಗಳಲ್ಲಿ ಆದೇಶ ಹೊರಟಿತು. ಸಾರ್ವಜನಿಕ ಸೇವೆಯಲ್ಲಿ ಸಾಕಷ್ಟು ಪ್ರಾತಿನಿಧ್ಯವಿಲ್ಲದ, ಬ್ರಾಹ್ಮಣೇತರ ಸಮುದಾಯಗಳೆಲ್ಲ ಹಿಂದುಳಿದವು ಎಂದಾಯಿತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಪಾಲು ಅವರಿಗೆ ದೊರೆಯಬೇಕು ಎಂಬುದು ಗುರಿ. ಇದನ್ನು ಒಬ್ಬ ದೊರೆಯ ಔದಾರ್ಯವೆಂದಷ್ಟೇ ಹೊಗಳಿ ಮುಗಿಸುವುದು ವಾಡಿಕೆ. ಔದಾರ್ಯವೇನೋ ಹೌದು. ಅದಕ್ಕಿಂತ ದೊಡ್ಡ ಮಾತೆಂದರೆ, ಇಲ್ಲಿ ಯಾರೊಬ್ಬರ ಮೇಲೂ ಅಪರಾಧ ಹೊರಿಸದೆ, ಇಂಥ ಅಧಿಕಾರಿ ಇಂಥವನಿಗೆ ಅನ್ಯಾಯ ಮಾಡಿದ ಎಂದು ಸಾಬೀತು ಮಾಡಬೇಕಾದ ಅಗತ್ಯವೂ ಇಲ್ಲದೆ, ಅಂಕಿಅಂಶದ ಅಸಮತೋಲವೇ ಸರ್ಕಾರ ಮಧ್ಯೆ ಬರಲು ಸಾಕಾದ ಕಾರಣ ಎಂದು ಒಂದು ಸಂಸ್ಥಾನ ಒಪ್ಪಿಕೊಂಡಿತು.

ದಕ್ಷತೆ ಕೆಡುತ್ತದೆ ಎಂಬ ಆಕ್ಷೇಪ ಆಗಲೇ ಎದ್ದಿತು. ಅದನ್ನು ಎತ್ತಿದವರು ಸಣ್ಣ ಮನಸ್ಸಿನವರೆಂದು ತಳ್ಳಿಹಾಕುವುದು ಸರಿಯಲ್ಲ. ದಿವಾನ್ ವಿಶ್ವೇಶ್ವರಯ್ಯನವರಂಥ ಕರ್ತೃತ್ವಶಾಲಿಗೇ ಈ ಆತಂಕವಿತ್ತು, 1918ರ ಕೊನೆಗೆ ಅವರು ಅಧಿಕಾರ ಬಿಟ್ಟರು. ವಿದ್ಯೆಯನ್ನು ಹರಡಿ, ಕೈಗಾರಿಕೆ ಬೆಳೆಸಿ, ಎಲ್ಲರನ್ನೂ ಮೇಲಕ್ಕೆತ್ತಿದರೆ ಪಾಲು ತಾನಾಗಿಯೇ ಬರುತ್ತದೆ ಎಂಬ ನಂಬಿಕೆಯಲ್ಲಿ ಪ್ರಾಮಾಣಿಕತೆ ಇದೆ. ಇದಕ್ಕೆ ಮಿಲ್ಲರ್ ಸಮಿತಿ ಕೊಟ್ಟ ಉತ್ತರ ಇಂದಿಗೂ ಹೊಸದಾಗಿ ಕಾಣುತ್ತದೆ. ದಕ್ಷತೆಯನ್ನು ಪರೀಕ್ಷೆಯ ಅಂಕಗಳಿಂದಷ್ಟೇ ಅಳೆಯಲಾಗದು. ಜನರ ಬಗ್ಗೆ ಅನುಕಂಪ, ಪ್ರಾಮಾಣಿಕ ಉದ್ದೇಶ, ಚುರುಕು, ವ್ಯವಹಾರಜ್ಞಾನ ಇವೂ ಒಳ್ಳೆಯ ಅಧಿಕಾರಿಯನ್ನು ಮಾಡುತ್ತವೆ ಎಂಬುದು ಆ ಉತ್ತರದ ತಾತ್ಪರ್ಯ. ಅಮೆರಿಕದ ಸುಪ್ರೀಂ ಕೋರ್ಟು ಇದರ ಹತ್ತಿರಕ್ಕೆ ಬಂದದ್ದು 1971ರಲ್ಲಿ. ನಾರ್ತ್ ಕ್ಯಾರೊಲಿನಾದ ಡ್ಯೂಕ್ ಪವರ್ ಕಂಪನಿ ಕರಿಯ ಕಾರ್ಮಿಕರನ್ನು ಕೂಲಿ ವಿಭಾಗಕ್ಕಷ್ಟೇ ಸೇರಿಸಿಕೊಳ್ಳುತ್ತಿತ್ತು. ಕಾನೂನು ಬಂದ ಮೇಲೆ ಅದನ್ನು ಬಿಟ್ಟು, ಉಳಿದ ವಿಭಾಗಗಳಿಗೆ ಹೈಸ್ಕೂಲ್ ಸರ್ಟಿಫಿಕೇಟು ಮತ್ತು ಲಿಖಿತ ಪರೀಕ್ಷೆಗಳನ್ನು ಇಟ್ಟಿತು. ಕೆಲಸಕ್ಕೆ ಸಂಬಂಧವಿಲ್ಲದ ಅರ್ಹತೆಯಿಂದ ಒಂದು ಜನವರ್ಗ ಹೊರಗುಳಿಯುವುದಾದರೆ, ಮಾಲೀಕನ ಉದ್ದೇಶ ಏನೇ ಇರಲಿ, ಅದು ತಾರತಮ್ಯವೇ ಎಂದಿತು ಗ್ರಿಗ್ಸ್ ಪ್ರಕರಣದ ಆ ತೀರ್ಪು. ಮೈಸೂರು ಅರ್ಧ ಶತಮಾನ ಮೊದಲೇ ಆಡಿದ ಮಾತಿದು. ಈ ಹೆಮ್ಮೆ ನಮಗಿರಬೇಕು.

ಆದರೆ ಆ ವರದಿಯೊಳಗೇ ನಮ್ಮ ಕೊರತೆಯ ಬೀಜವೂ ಇದೆ. ಅಸ್ಪೃಶ್ಯ ಸಮುದಾಯಗಳಿಗೆ ಆದ್ಯತೆ ಕೊಡಬೇಕು ಎಂದು ಸಮಿತಿ ಹೇಳಿತು. ಆದರೆ ಅರ್ಹ ಅಭ್ಯರ್ಥಿಗಳು ಸಿಕ್ಕಿದಾಗ ಎಂಬ ಷರತ್ತಿನೊಡನೆ. ಶಾಲೆಯ ಜಗಲಿ ಹತ್ತುವುದಕ್ಕೇ ಬಿಡದ ಊರಿನಲ್ಲಿ ಅರ್ಹ ಅಭ್ಯರ್ಥಿ ಸಿಗುವುದೆಲ್ಲಿಂದ? ಬ್ರಾಹ್ಮಣರಲ್ಲದವರೆಲ್ಲ ಒಂದೇ ಗುಂಪು ಎಂದಾಗ, ಭೂಮಿಯಿದ್ದ, ಊರಿನಲ್ಲಿ ಮಾತು ನಡೆಯುತ್ತಿದ್ದ ಸಮುದಾಯಗಳೂ ಅದೇ ಊರಿನ ಕೇರಿಯ ಜನರೂ ಒಂದೇ ಸಾಲಿನಲ್ಲಿ ನಿಂತರು. ಸಾಲಿನ ಮುಂಭಾಗದಲ್ಲಿದ್ದವರಿಗೆ ಹುದ್ದೆ ಸಿಕ್ಕಿತು. ಅದು ನ್ಯಾಯವೇ ಆಗಿತ್ತು. ಹಿಂಭಾಗದಲ್ಲಿದ್ದವರಿಗೆ ಹುದ್ದೆಗಿಂತ ಮೊದಲು ಬೇಕಾಗಿದ್ದದ್ದು ಬಾವಿ, ರಸ್ತೆ, ಶಾಲೆ, ದೇವಸ್ಥಾನ. ಸಂಸ್ಥಾನ ಇದನ್ನು ಕಾಣಲೇ ಇಲ್ಲ ಎನ್ನಲಾಗದು. ಅಸ್ಪೃಶ್ಯ ಮಕ್ಕಳಿಗಾಗಿ ಪಂಚಮ ಶಾಲೆಗಳು, ವಿದ್ಯಾರ್ಥಿನಿಲಯಗಳು ನಡೆದವು. ಆದರೆ ನಾಗರಿಕ ನಿರ್ಬಂಧಗಳನ್ನು ತೆಗೆಯುವ ಕಾಯ್ದೆ ಬಂದದ್ದು 1943ರಲ್ಲಿ, ದೇವಾಲಯ ಪ್ರವೇಶದ ಕಾಯ್ದೆ 1948ರಲ್ಲಿ. ಪಾಲಿನ ಆದೇಶಕ್ಕೂ ರಕ್ಷಣೆಯ ಕಾಯ್ದೆಗೂ ನಡುವೆ 22 ವರ್ಷ. ಯಾರ ದನಿ ಮೊದಲು ಅರಮನೆ ತಲುಪಿತು ಎಂಬುದು ಈ ಅಂತರದಲ್ಲೇ ಗೊತ್ತಾಗುತ್ತದೆ.

ಸಂವಿಧಾನ ರಚನೆಯ ಹೊತ್ತಿಗೆ ಎರಡೂ ಹೊಳೆಗಳು ಒಂದೆಡೆ ಸೇರಿದವು. 1948ರ ನವೆಂಬರ್ 30ರಂದು ಸಂವಿಧಾನ ಸಭೆಯಲ್ಲಿ, ಹಿಂದುಳಿದವರು ಎಂದರೆ ಯಾರು ಎಂದು ಉತ್ತರದ ಸದಸ್ಯರು ಅನುಮಾನ ತೆಗೆದಾಗ, ದಕ್ಷಿಣದಲ್ಲಿ ಅದರ ಅರ್ಥ ಎಲ್ಲರಿಗೂ ಗೊತ್ತು ಎಂದು ಎದ್ದು ನಿಂತು ವಿವರಿಸಿದವರು ಮೈಸೂರಿನ ಪ್ರತಿನಿಧಿ ಟಿ. ಚನ್ನಯ್ಯ. ಮೀಸಲಾತಿ ಒಟ್ಟು ಸ್ಥಾನಗಳಲ್ಲಿ ಅಲ್ಪಭಾಗವಾಗಿರಬೇಕು ಎಂದು ಡಾ. ಅಂಬೇಡ್ಕರ್ ಹೇಳಿದ್ದೂ ಆ ದಿನದ ಚರ್ಚೆಯಲ್ಲೇ. ಇನ್ನೊಂದು ಕಡೆ, 1947ರಲ್ಲಿ ಬರೆದ ‘ರಾಜ್ಯಗಳು ಮತ್ತು ಅಲ್ಪಸಂಖ್ಯಾತರು’ ಎಂಬ ಮನವಿಯಲ್ಲಿ ಅಂಬೇಡ್ಕರರು ಅಮೆರಿಕದ 1866 ಮತ್ತು 1875ರ ನಾಗರಿಕ ಹಕ್ಕುಗಳ ಕಾಯ್ದೆಗಳನ್ನು ಆಧಾರವಾಗಿ ಇಟ್ಟುಕೊಂಡಿದ್ದರು. 1875ರ ಕಾಯ್ದೆ ಹೋಟೆಲು, ನಾಟಕಶಾಲೆ, ಗಾಡಿಗಳಲ್ಲಿ ಕರಿಯರನ್ನು ತಡೆಯಬಾರದು ಎಂದಿತ್ತು. ಸಂವಿಧಾನ ಕಟ್ಟಿಹಾಕುವುದು ಸರ್ಕಾರವನ್ನು ಮಾತ್ರ, ಖಾಸಗಿ ಜನರನ್ನಲ್ಲ ಎಂದು 1883ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು. ಆ ಬಾಗಿಲು ಮತ್ತೆ ತೆರೆಯಲು ಅವರಿಗೆ 81 ವರ್ಷ ಹಿಡಿಯಿತು. ನಮ್ಮ ಸಂವಿಧಾನ ಆ ತೊಡಕನ್ನು ಮೊದಲ ದಿನವೇ ಬಿಡಿಸಿತು. 15(2)ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟಗಳನ್ನು ಹೆಸರಿಟ್ಟು ಹೇಳಿತು. 17ನೇ ವಿಧಿ ಅಸ್ಪೃಶ್ಯತೆಯನ್ನು ಯಾರು ಆಚರಿಸಿದರೂ ಅಪರಾಧವೆಂದಿತು. ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಪ್ರಕರಣದಲ್ಲಿ, ಒಂದು ಸಮುದಾಯದ ದೇವಾಲಯವಾದರೂ ಪ್ರವೇಶದ ಹಕ್ಕು ಎಲ್ಲ ಹಿಂದೂಗಳದು ಎಂದು ಸುಪ್ರೀಂ ಕೋರ್ಟು 1957ರಲ್ಲೇ ತೀರ್ಮಾನಿಸಿತು. ಕಾಗದದ ಮೇಲೆ ನಾವು ಅಮೆರಿಕಕ್ಕಿಂತ ಮುಂದಿದ್ದೆವು.

ಮುಂದೆ ಕೋರ್ಟುಗಳಲ್ಲಿ ಏನಾಯಿತು ನೋಡಿ. 1962ರ ಜುಲೈ 31ರಂದು ಮೈಸೂರು ಸರ್ಕಾರ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಸೀಟುಗಳಲ್ಲಿ ಹಿಂದುಳಿದವರಿಗೆ ಶೇ. 28, ಹೆಚ್ಚು ಹಿಂದುಳಿದವರಿಗೆ ಶೇ. 22, ಪರಿಶಿಷ್ಟ ಜಾತಿಗೆ ಶೇ. 15, ಪರಿಶಿಷ್ಟ ಪಂಗಡಕ್ಕೆ ಶೇ. 3, ಒಟ್ಟು ಶೇ. 68 ಮೀಸಲಿಟ್ಟಿತು. ಸೆಪ್ಟೆಂಬರ್ 28ಕ್ಕೆ, ಎರಡು ತಿಂಗಳು ತುಂಬುವುದರೊಳಗೆ, ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ರದ್ದು ಮಾಡಿತು. ಜಾತಿಯೊಂದೇ ಹಿಂದುಳಿದಿರುವಿಕೆಯ ಅಳತೆಗೋಲಲ್ಲ, ಮೀಸಲಾತಿ ಸಾಮಾನ್ಯವಾಗಿ ಶೇ. 50ರೊಳಗಿರಬೇಕು ಎಂದಿತು. ಇಡೀ ದೇಶ ಇಂದು ಉಚ್ಚರಿಸುವ ಐವತ್ತರ ಮಿತಿ ಮೈಸೂರಿನ ಸೀಟುಗಳ ವಿವಾದದಲ್ಲಿ ಹುಟ್ಟಿದ್ದು. ಆಮೇಲೆ ಸರ್ಕಾರ ವರ್ಷಕ್ಕೆ 1200 ರೂಪಾಯಿಗೆ ಮೀರದ ವರಮಾನ ಮತ್ತು ಕುಟುಂಬದ ಕಸುಬನ್ನು ಅಳತೆಯಾಗಿ ಹಿಡಿಯಿತು. 1964ರ ಚಿತ್ರಲೇಖಾ ಪ್ರಕರಣ ಅದನ್ನು ಒಪ್ಪಿತು. ಮುಖ್ಯಮಂತ್ರಿ ದೇವರಾಜ ಅರಸರ ಕಾಲದಲ್ಲಿ ಎಲ್.ಜಿ. ಹಾವನೂರರ ಹಿಂದುಳಿದ ವರ್ಗಗಳ ಆಯೋಗ 1972ರಿಂದ 1975ರವರೆಗೆ ನಾಡು ಸುತ್ತಿ ವರದಿ ಕೊಟ್ಟಿತು. 1985ರ ವಸಂತಕುಮಾರ್ ಪ್ರಕರಣದಲ್ಲಿ, ಹಿಂದುಳಿದವರನ್ನು ಗುರುತಿಸುವುದು ಹೇಗೆ ಎಂಬ ಬಗ್ಗೆ, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಐದು ಪ್ರತ್ಯೇಕ ಅಭಿಪ್ರಾಯ ಬರೆದರು. ಪಾಲಿನ ಕಾನೂನನ್ನು ಈ ರಾಜ್ಯದಷ್ಟು ತಿಕ್ಕಿ ಹೊಳಪು ಮಾಡಿದ ರಾಜ್ಯಗಳು ಕಡಿಮೆ.

ಇದರ ಪಕ್ಕದಲ್ಲಿ ಕರ್ನಾಟಕದ್ದೇ ಇನ್ನೊಂದು ಪ್ರಕರಣವನ್ನು ಇಡುತ್ತೇನೆ: ಕರ್ನಾಟಕ ರಾಜ್ಯ ವಿರುದ್ಧ ಅಪ್ಪಾ ಬಾಲು ಇಂಗಳೆ. ಒಂದು ಹಳ್ಳಿಯಲ್ಲಿ ಹೊಸದಾಗಿ ಕೊರೆದ ಕೊಳವೆಬಾವಿಯಿಂದ ನೀರು ತೆಗೆದುಕೊಳ್ಳಲು ಹೋದ ದಲಿತರನ್ನು, ನೀವು ಮುಟ್ಟಬಾರದವರು ಎಂದು ಬೆದರಿಸಿ ತಡೆದರು. ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತು, ಮೇಲ್ಮನವಿಯಲ್ಲಿ ಅದು ಉಳಿಯಿತು, ಹೈಕೋರ್ಟು ಖುಲಾಸೆ ಮಾಡಿತು. 1992ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆ ಖುಲಾಸೆಯನ್ನು ಒಪ್ಪಲಿಲ್ಲ. ಶಿಕ್ಷೆ ಎಷ್ಟು? ಒಂದು ತಿಂಗಳ ಸಾದಾ ಸೆರೆ, ನೂರು ರೂಪಾಯಿ ದಂಡ. ನೀರಿಗೆ ಹೋಗಿ ಬರಿಗೊಡದೊಂದಿಗೆ ಮರಳಿದವರಿಗೆ ಸಿಕ್ಕಿದ್ದೇನು? ಒಂದು ಒಳ್ಳೆಯ ತೀರ್ಪು, ನ್ಯಾಯಮೂರ್ತಿ ಕೆ. ರಾಮಸ್ವಾಮಿಯವರು ಅಸ್ಪೃಶ್ಯತೆಯ ಬಗ್ಗೆ ಅದರಲ್ಲಿ ಬರೆದ ಭಾಗ ಪ್ರತಿಯೊಬ್ಬ ವಕೀಲನೂ ಓದಬೇಕಾದದ್ದು. ಅದರಾಚೆ ನಷ್ಟಪರಿಹಾರವಾಗಿ ಒಂದು ರೂಪಾಯಿಯೂ ಇಲ್ಲ. ಕಾಲೇಜಿನ ಸೀಟು ಕೈತಪ್ಪಿದವರು 59 ದಿನಗಳಲ್ಲಿ ದೆಹಲಿಯಿಂದ ಉತ್ತರ ತಂದರು. ಗುಟುಕು ನೀರು ಕೈತಪ್ಪಿದವರು ನಾಲ್ಕು ಮೆಟ್ಟಿಲು ಹತ್ತಬೇಕಾಯಿತು, ಅದೂ ಸರ್ಕಾರದ ಬೆನ್ನ ಹಿಂದೆ ನಿಂತು. ಮೊದಲನೆಯವರನ್ನು ನಾನು ದೂರುತ್ತಿಲ್ಲ. ನ್ಯಾಯಾಲಯಕ್ಕೆ ಹೋಗುವುದು ಅವರ ಹಕ್ಕು. ಎರಡನೆಯವರಿಗೆ ಆ ದಾರಿಯನ್ನು ನಮ್ಮ ಕಾನೂನು ಕಟ್ಟಿಕೊಡಲೇ ಇಲ್ಲ ಎಂಬುದು ನನ್ನ ದೂರು.

ಅಮೆರಿಕದವರು ಈ ದಾರಿಯನ್ನು ಹೇಗೆ ಕಟ್ಟಿದರು ಎಂಬುದು ನಮಗೆ ಉಪಯೋಗದ ವಿಷಯ. ಸೌತ್ ಕ್ಯಾರೊಲಿನಾದಲ್ಲಿ ಪಿಗ್ಗಿ ಪಾರ್ಕ್ ಎಂಬ ಹೆಸರಿನ ಹೋಟೆಲುಗಳಿದ್ದವು; ಕರಿಯರಿಗೆ ಅಲ್ಲಿ ಕೂತು ಊಟ ಮಾಡಲು ಬಿಡುತ್ತಿರಲಿಲ್ಲ. ಪೊಲೀಸರನ್ನು ಕಾಯದೆ ಗಿರಾಕಿಗಳೇ ಸಿವಿಲ್ ದಾವೆ ಹೂಡಿದರು. 1968ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿದ್ದಿಷ್ಟು: ಇಂಥ ದಾವೆ ಹೂಡುವವನು ತನಗಾಗಿ ಮಾತ್ರ ಹೋರಾಡುತ್ತಿಲ್ಲ, ಸಮಾಜದ ಕೆಲಸ ಮಾಡುತ್ತಿದ್ದಾನೆ, ಗೆದ್ದರೆ ಅವನ ವಕೀಲರ ಫೀಸನ್ನು ಸೋತವನೇ ಕೊಡಬೇಕು. 1976ರಲ್ಲಿ ಈ ತತ್ವವನ್ನು ಇತರ ನಾಗರಿಕ ಹಕ್ಕುಗಳ ದಾವೆಗಳಿಗೂ ಹಬ್ಬಿಸುವ ಕಾಯ್ದೆಯಾಯಿತು. ಅದೇ 1976ರಲ್ಲಿ ನಮ್ಮ ಸಂಸತ್ತು 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯನ್ನು ತಿದ್ದಿ, ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೆಸರಿಟ್ಟಿತು. ಕನಿಷ್ಠ ಶಿಕ್ಷೆ ಒಂದು ತಿಂಗಳು ಸೆರೆ, ನೂರು ರೂಪಾಯಿ ದಂಡ ಎಂದು ಗೊತ್ತುಪಡಿಸಿತು. ಒಂದು ದೇಶ ನೊಂದವನ ಕೈಗೆ ದಾವೆಯನ್ನೂ ಅವನ ಪಕ್ಕದಲ್ಲಿ ನಿಲ್ಲಲು ವಕೀಲನಿಗೆ ಕಾರಣವನ್ನೂ ಕೊಟ್ಟಿತು. ಇನ್ನೊಂದು ಪೊಲೀಸನ ಕೈಯಲ್ಲಿದ್ದ ಕಾಯ್ದೆಯ ಹೆಸರು ಬದಲಿಸಿ, ಶಿಕ್ಷೆಯನ್ನು ತುಸು ಬಿಗಿ ಮಾಡಿತು.

ಬಾಡಿಗೆ ಮನೆಯ ವಿಷಯ ತೆಗೆದುಕೊಳ್ಳಿ. ಮೈಸೂರಿನಂಥ ವಿದ್ಯಾರ್ಥಿಗಳ, ನೌಕರರ ಊರಿನಲ್ಲಿ ಇದು ಸಣ್ಣ ಮಾತಲ್ಲ. ಮನೆ ಖಾಲಿ ಇದೆ ಎಂಬ ಫಲಕ ನೋಡಿ ಹೋದವನ ಹೆಸರು, ಊರು, ಊಟ ಕೇಳಿ, ಆಮೇಲೆ ಮನೆ ಕೊಟ್ಟಾಯಿತು ಎಂದು ಹೇಳಿದರೆ ಅವನು ಏನು ಮಾಡಬೇಕು? ದಲಿತನಾದರೆ ಠಾಣೆಗೆ ಹೋಗಿ, ಸಾಕ್ಷಿ ತಂದು, ಅಪರಾಧ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗುವವರೆಗೆ ಕಾಯಬೇಕು. ಮುಸ್ಲಿಮನಾದರೆ ಅಷ್ಟೂ ಇಲ್ಲ. ಅಮೆರಿಕದಲ್ಲಿ ಕಿಂಗ್ ಹತ್ಯೆಯಾದ ಒಂದೇ ವಾರಕ್ಕೆ, 1968ರ ಏಪ್ರಿಲ್ 11ರಂದು, ವಸತಿಯಲ್ಲಿ ತಾರತಮ್ಯವನ್ನು ನಿಷೇಧಿಸುವ ಕಾಯ್ದೆಗೆ ಸಹಿ ಬಿತ್ತು. ಅದನ್ನು ಜಾರಿ ಮಾಡಲು ಅಲ್ಲಿನ ಸಂಘಟನೆಗಳು ಒಂದೇ ಮನೆಗೆ ಒಬ್ಬ ಬಿಳಿಯನನ್ನೂ ಒಬ್ಬ ಕರಿಯನನ್ನೂ ಬೇರೆ ಬೇರೆಯಾಗಿ ವಿಚಾರಿಸಲು ಕಳಿಸುತ್ತವೆ. ಬಿಳಿಯನಿಗೆ ಇದೆ, ಕರಿಯನಿಗೆ ಇಲ್ಲ ಎಂದರೆ ಅದೇ ಪುರಾವೆ. ವರ್ಜೀನಿಯಾದ ಹೇವನ್ಸ್ ರಿಯಾಲ್ಟಿ ಪ್ರಕರಣದಲ್ಲಿ, ಹೀಗೆ ಪರೀಕ್ಷೆಗೆಂದೇ ಹೋಗಿ ಸುಳ್ಳು ಉತ್ತರ ಪಡೆದವಳಿಗೂ ದಾವೆ ಹೂಡುವ ಹಕ್ಕಿದೆ ಎಂದು 1982ರಲ್ಲಿ ತೀರ್ಮಾನವಾಯಿತು. ಮುಸ್ಲಿಮರ ಸ್ಥಿತಿಗತಿ ಪರಿಶೀಲಿಸಿದ ನಮ್ಮ ಸಾಚಾರ್ ಸಮಿತಿ 2006ರಲ್ಲಿ ಸಮಾನ ಅವಕಾಶ ಆಯೋಗವೊಂದನ್ನು ಸೂಚಿಸಿತು. ಅದು ಇನ್ನೂ ಸೂಚನೆಯಾಗಿಯೇ ಉಳಿದಿದೆ.

ನೊಂದವರ ಕೈಗೇ ಇಂಥ ಸಿವಿಲ್ ದಾವೆ ಕೊಡಬೇಕು ಎಂಬುದಕ್ಕೆ ಬರಬಹುದಾದ ಆಕ್ಷೇಪಗಳಲ್ಲಿ ಮೊದಲನೆಯದೇ ಗಟ್ಟಿಯಾದದ್ದು. ಪಾಲೇ ರಕ್ಷಣೆ ತರುತ್ತದೆ. ತಹಸೀಲ್ದಾರರಲ್ಲಿ, ಸಬ್‌ಇನ್‌ಸ್ಪೆಕ್ಟರರಲ್ಲಿ, ನ್ಯಾಯಾಧೀಶರಲ್ಲಿ ಶೋಷಿತ ಸಮುದಾಯದವರು ಇದ್ದರೆ ಊರಿನ ದಬ್ಬಾಳಿಕೆ ತಾನಾಗಿ ಇಳಿಯುತ್ತದೆ ಎಂಬ ವಾದ. ಇದರಲ್ಲಿ ಸತ್ಯವಿದೆ. ಅರಸರ ಕಾಲದ ಭೂಸುಧಾರಣೆ ಮತ್ತು ಮೀಸಲಾತಿ ಹಳ್ಳಿಯ ಬಲಾಬಲವನ್ನು ನಿಜಕ್ಕೂ ಬದಲಿಸಿದವು. ಆದರೆ 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದದ್ದು ಮಿಲ್ಲರ್ ಆದೇಶಕ್ಕೆ 79 ವರ್ಷ ತುಂಬುತ್ತಿದ್ದಾಗ. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಅದೇ ಊರಿನಲ್ಲಿ, ಅದೇ ಜನರ ಹೊಲದ ಕೂಲಿಯ ಮೇಲೆ ಬದುಕಬೇಕಾದ ಸಾಕ್ಷಿಗೆ ಎಲ್ಲೋ ಕುಳಿತ ಅಧಿಕಾರಿಯ ಜಾತಿ ಎಷ್ಟು ಬಲ ಕೊಟ್ಟೀತು?

1989ರ ದೌರ್ಜನ್ಯ ತಡೆ ಕಾಯ್ದೆ ಇದೆಯಲ್ಲ ಎಂಬುದು ಇನ್ನೊಂದು ಆಕ್ಷೇಪ. ಇದೆ, ಅದು ಬೇಕು. ವಿಶೇಷ ನ್ಯಾಯಾಲಯ, ಹಂತಹಂತವಾಗಿ ಕೊಡುವ ಪರಿಹಾರಧನ, 2016ರಲ್ಲಿ ಜಾರಿಗೆ ಬಂದ ತಿದ್ದುಪಡಿಯಲ್ಲಿ ಸಂತ್ರಸ್ತರಿಗೆ ಮತ್ತು ಸಾಕ್ಷಿಗಳಿಗೆ ಕೊಟ್ಟ ಹಕ್ಕುಗಳು, ಇವೆಲ್ಲ ಹೋರಾಟದಿಂದ ಬಂದವು. ಕೊಪ್ಪಳದ ಸೆಷನ್ಸ್ ನ್ಯಾಯಾಲಯ 2024ರಲ್ಲಿ, ದಲಿತರ ಮೇಲೆ ದಾಳಿ ನಡೆದ ಮರಕುಂಬಿ ಪ್ರಕರಣದಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿದ್ದು ಈ ಕಾಯ್ದೆ ಸತ್ತಿಲ್ಲ ಎಂಬುದಕ್ಕೆ ಗುರುತು; ಘಟನೆ ನಡೆದು ಹತ್ತು ವರ್ಷದ ಮೇಲೆ ಆ ತೀರ್ಪು ಬಂತು ಎಂಬುದೂ ಅಷ್ಟೇ ನಿಜ. ಕೊಲೆ, ಬೆಂಕಿ, ಹಲ್ಲೆಗೆ ಕ್ರಿಮಿನಲ್ ಕಾನೂನೇ ತಕ್ಕದ್ದು. ಆದರೆ ಮನೆ ಕೊಡದ, ಕೆಲಸ ಕೊಡದ, ಕ್ಷೌರ ಮಾಡದ, ಲೋಟ ಬೇರೆ ಇಡುವ ದಿನನಿತ್ಯದ ಅವಮಾನಕ್ಕೆ ಜೈಲೊಂದೇ ಮದ್ದಾದರೆ ಪೊಲೀಸರು ದಾಖಲಿಸಲು ಹಿಂಜರಿಯುತ್ತಾರೆ, ಕೋರ್ಟು ಶಿಕ್ಷಿಸಲು ಹಿಂಜರಿಯುತ್ತದೆ, ನೊಂದವನೂ ರಾಜಿಗೆ ಒಪ್ಪುತ್ತಾನೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬ ಗಾದೆ ಹುಟ್ಟಿದ್ದು ಇಂಥ ಅನುಭವದಿಂದಲೇ. ಸುಳ್ಳು ದೂರುಗಳು ಹೆಚ್ಚುತ್ತವೆ ಎನ್ನುವವರೂ ಇದ್ದಾರೆ. 2018ರಲ್ಲಿ ಸುಪ್ರೀಂ ಕೋರ್ಟು ಇದೇ ಆತಂಕದಿಂದ ಕಾಯ್ದೆಗೆ ಕಡಿವಾಣ ಹಾಕಿ, ಮರುವರ್ಷ ಆ ನಿರ್ದೇಶನಗಳನ್ನು ಹಿಂತೆಗೆದುಕೊಂಡಿತು. ಅಂಥ ಭಯ ಪ್ರಾಮಾಣಿಕವಾಗಿದ್ದರೆ, ಬಂಧನವೇ ಇಲ್ಲದ ಸಿವಿಲ್ ದಾವೆಯನ್ನು ಅವರೇ ಮೊದಲು ಬೆಂಬಲಿಸಬೇಕು. ಅಲ್ಲಿ ಯಾರೂ ಜೈಲಿಗೆ ಹೋಗುವುದಿಲ್ಲ. ಎರಡೂ ಕಡೆಯ ಪುರಾವೆಯಲ್ಲಿ ಹೆಚ್ಚು ತೂಕವಿರುವುದು ಗೆಲ್ಲುತ್ತದೆ, ತಪ್ಪು ಮಾಡಿದವನು ಹಣ ತೆರುತ್ತಾನೆ.

ಅಮೆರಿಕವನ್ನು ನಾನು ತಲೆಯ ಮೇಲೆ ಹೊತ್ತು ತರುತ್ತಿಲ್ಲ. ರಕ್ಷಣೆಯ ಬಲವಿದ್ದರೂ ಪಾಲಿನ ಆಧಾರವಿಲ್ಲದ ಕಡೆ ಏನಾಗುತ್ತದೆ ಎಂಬುದನ್ನೂ ಅದೇ ದೇಶ ತೋರಿಸಿದೆ. ಮತದಾನದ ಹಕ್ಕಿನ ಕಾಯ್ದೆಯ ಮುಖ್ಯ ಕೀಲನ್ನು ಅಲ್ಲಿನ ಸುಪ್ರೀಂ ಕೋರ್ಟು 2013ರ ಶೆಲ್ಬಿ ಕೌಂಟಿ ಪ್ರಕರಣದಲ್ಲಿ ಕಳಚಿತು. 2023ರ ಜೂನ್‌ನಲ್ಲಿ ಹಾರ್ವರ್ಡ್ ಪ್ರಕರಣದಲ್ಲಿ ಕಾಲೇಜು ಪ್ರವೇಶಕ್ಕೆ ಜನಾಂಗವನ್ನು ಪರಿಗಣಿಸುವುದನ್ನೇ ನಿಲ್ಲಿಸಿತು. ನಮ್ಮಲ್ಲಿ ಪಾಲು 15(4), 16(4)ನೇ ವಿಧಿಗಳಾಗಿ ಸಂವಿಧಾನದ ಮೈಯಲ್ಲೇ ಬರೆದಿರುವುದರಿಂದ ಅಷ್ಟು ಸುಲಭವಾಗಿ ಅಲುಗದು. ಮಿಲ್ಲರ್ ವರದಿ ಒಂದೇ ಸಾಲಿನಲ್ಲಿ ನಿಲ್ಲಿಸಿ ಬಿಟ್ಟಿದ್ದನ್ನು ನಾವು ಈಗಲೂ ಬಿಡಿಸುತ್ತಿದ್ದೇವೆ: ಸುಪ್ರೀಂ ಕೋರ್ಟು 2024ರ ಆಗಸ್ಟ್‌ನಲ್ಲಿ ಒಳಮೀಸಲಾತಿಗೆ ಒಪ್ಪಿಗೆ ಕೊಟ್ಟಿತು, ನಾಗಮೋಹನ ದಾಸ್ ಆಯೋಗದ ವರದಿಯ ನಂತರ 2025ರ ಆಗಸ್ಟ್‌ನಲ್ಲಿ ಕರ್ನಾಟಕದ ಸಂಪುಟ ಪರಿಶಿಷ್ಟ ಜಾತಿಗಳ ಶೇ. 17ನ್ನು 6, 6, 5 ಎಂದು ಹಂಚಲು ತೀರ್ಮಾನಿಸಿತು. ಹಿಂಭಾಗದವರಿಗೆ ತಲುಪುವ ಪಾಲೇ ನಿಜವಾದ ಪಾಲು. ಈ ಕೆಲಸ ನಿಲ್ಲಬಾರದು.

ಇದರ ಜೊತೆಗೇ ಆಗಬೇಕಾದದ್ದು ಇನ್ನೊಂದಿದೆ. ಬಾಡಿಗೆ, ಖಾಸಗಿ ಉದ್ಯೋಗ, ಶಾಲೆ, ಆಸ್ಪತ್ರೆ, ಅಂಗಡಿಗಳಲ್ಲಿ ಜಾತಿ, ಧರ್ಮ, ಲಿಂಗ, ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯ ಮಾಡಿದರೆ ನೊಂದವರೇ ನೇರವಾಗಿ ಸಿವಿಲ್ ದಾವೆ ಹೂಡಲು, ನಷ್ಟಪರಿಹಾರವನ್ನೂ ತಡೆಯಾಜ್ಞೆಯನ್ನೂ ಪಡೆಯಲು, ಗೆದ್ದರೆ ವಕೀಲರ ಫೀಸು ಸೋತವರಿಂದ ಬರಲು ಅವಕಾಶ ಕೊಡುವ ಕಾಯ್ದೆಯನ್ನು ಕರ್ನಾಟಕದ ವಿಧಾನಮಂಡಲ ಮಾಡಬೇಕು. ಕೇಂದ್ರ ಮಾಡಲಿ ಎಂದು ಕಾಯುವ ಅಗತ್ಯವಿಲ್ಲ. 1921ರಲ್ಲಿ ಮೈಸೂರು ಯಾರನ್ನೂ ಕಾಯಲಿಲ್ಲ. ಈ ಊರಿನಲ್ಲಿ ವಿಶ್ವವಿದ್ಯಾನಿಲಯವಿದೆ, ಕಾನೂನು ಕಾಲೇಜುಗಳಿವೆ, ವಕೀಲರ ಸಂಘವಿದೆ. ಕಾನೂನು ವಿದ್ಯಾರ್ಥಿಗಳೂ ಕಿರಿಯ ವಕೀಲರೂ ಅಂಥ ಕಾಯ್ದೆಯ ಕರಡನ್ನು ಬರೆದು, ಸಾರ್ವಜನಿಕರ ಮುಂದಿಟ್ಟು ಚರ್ಚಿಸಿ, ತಿದ್ದಿ, ತಮ್ಮ ಶಾಸಕರ ಕೈಗೆ ಕೊಡಬೇಕೆಂದು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ.